ಹತ್ತು ಕಡೆ

ಅಕ್ಟೋಬರ್ 6, ಸೋಮವಾರ

ನೋವು: ಹತ್ತಕ್ಕೆ ಏಳು.

ಮೂಳೆ ಡಾಕ್ಟರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಬಲ ಭುಜದ ನೋವಿಗೆ ದಿನವೂ ಹತ್ತಕ್ಕೆ ಎಷ್ಟು ಅಂಕ, ಆ ದಿನ ಏನು ಎತ್ತಿದಿರಿ, ಏನು ಎಳೆದಿರಿ, ಎಲ್ಲ ಬರೆದು ಎರಡು ತಿಂಗಳು ಬಿಟ್ಟು ತನ್ನಿ ಅಂದರು. ನಾದಿನಿ ಅಂಗಡಿಗೆ ಹೋಗಿ ಇನ್ನೂರು ಪುಟದ ನೋಟ್‌ಬುಕ್ಕೇ ತಂದಳು. "ಅಷ್ಟೊಂದು ನೋವಿಲ್ಲ ಕಣೇ ನನಗೆ" ಅಂದೆ. "ಉಳಿದ ಪುಟದಲ್ಲಿ ನನ್ನನ್ನ ಬೈಕೋ ಅತ್ತಿಗೆ. ನಿನ್ನ ಬಾಯಿಗಾದ್ರೂ ರೆಸ್ಟ್ ಸಿಗುತ್ತೆ" ಅಂದಳು. ಗಂಡ ಹೋಗಿ ಒಂಬತ್ತು ವರ್ಷವಾಯಿತು, ಅವರ ತಂಗಿ ನನಗೆ ಉಳಿದಳು. ಅತ್ತಿಗೆ ನಾದಿನಿ ಒಂದೇ ಒಲೆಯ ಮುಂದೆ ಜಗಳವಿಲ್ಲದೆ ಇರುವುದನ್ನು ಕಂಡು ಅಕ್ಕಪಕ್ಕದವರಿಗೆ ಉಂಡದ್ದು ಅರಗುವುದಿಲ್ಲ. ಇಬ್ಬರೂ ಒಂದೇ ಹಂದಿ ಫಾರ್ಮಿನಲ್ಲಿ ದುಡಿಯುತ್ತೇವೆ, ನಾನು ಫೀಡ್ ರೂಮಿನಲ್ಲಿ, ಅವಳು ಕೆಳಗಿನ ಶೆಡ್ಡಿನಲ್ಲಿ.

ಇವತ್ತು ಎತ್ತಿದ್ದು ಈಟಿ. ಬೆಳಗ್ಗೆ ಮೆಕ್ಕೆಜೋಳದ ಲಾರಿ ಬಂತು. ನಾನು ಒಪ್ಪಿದ ಮೇಲೆಯೇ ಕಾಳು ಒಳಗೆ ಬರಬೇಕು. ಅದಕ್ಕೊಂದು ಕ್ರಮವಿದೆ. ಲಾರಿ ಹತ್ತಿ, ಮೈತುಂಬ ತೂತುಗಳಿರುವ ಉದ್ದನೆಯ ಕಬ್ಬಿಣದ ಕೊಳವೆಯನ್ನು ಕಾಳಿನೊಳಕ್ಕೆ ತಳದವರೆಗೆ ಚುಚ್ಚಬೇಕು. ಇದನ್ನೇ ನಾವು ಈಟಿ ಅನ್ನುವುದು. ಹಾಗೆ ಹತ್ತು ಕಡೆ ಚುಚ್ಚಿ, ಬಂದ ಕಾಳನ್ನೆಲ್ಲ ಕಲೆಸಿ ಪುಡಿಮಾಡಿ, ನೀರಿನಲ್ಲಿ ಕದಡಿ, ಪರೀಕ್ಷೆಯ ಪಟ್ಟಿ ಅದ್ದಬೇಕು. ಪಟ್ಟಿಯಲ್ಲಿ ಎರಡು ಗೆರೆ ಮೂಡಿದರೆ ಕಾಳು ಒಳ್ಳೆಯದು. ಒಂದೇ ಗೆರೆ ಬಂದರೆ ಬೂಷ್ಟಿನ ವಿಷವಿದೆ ಎಂದರ್ಥ, ಲಾರಿಯನ್ನು ವಾಪಸ್ ಕಳಿಸುವುದು. ಅದೇ ಕಾಳಿನ ಒಂದು ಪೊಟ್ಟಣಕ್ಕೆ ತಾರೀಕು ಬರೆದು ವರ್ಷದವರೆಗೆ ಕಪಾಟಿನಲ್ಲಿ ಇಡುತ್ತೇವೆ.

ತುಂತುರು ಹನಿಯುತ್ತಿತ್ತು. ಡ್ರೈವರು ಹಾರ್ನ್ ಒತ್ತುತ್ತಲೇ ಇದ್ದ. ಮ್ಯಾನೇಜರು ಬಾಗಿಲಲ್ಲಿ ನಿಂತು ಕೈಗಡಿಯಾರ ತಟ್ಟಿ ತೋರಿಸಿದರು. ಹತ್ತು ಕಡೆ ಚುಚ್ಚಿ ತೆಗೆದೆ, ರಿಜಿಸ್ಟರಿನಲ್ಲಿ ಬರೆದೆ. ಎರಡು ಗೆರೆ ಬಂತು. ವಾಸನೆಯೂ ಚೆನ್ನಾಗಿತ್ತು. ಪಟ್ಟಿ ಸುಳ್ಳು ಹೇಳಿದರೂ ನನ್ನ ಮೂಗು ಹೇಳುವುದಿಲ್ಲ. ಫಾರ್ಮಿನಲ್ಲಿ ನನ್ನ ಹೆಸರೇ ಮೂಗಮ್ಮ.

ಮೇಲಿನ ಶೆಡ್ಡಿನ ಕಣಜದಲ್ಲಿ ಹಳೆಯ ಫೀಡು ಇನ್ನೂ ಒಂದೂವರೆ ತಿಂಗಳಿಗಾಗುವಷ್ಟಿದೆ. ಹೊಸದನ್ನು ಅರೆಸಿ ಕೆಳಗಿನ ಶೆಡ್ಡಿನ ಕಣಜಕ್ಕೆ ಹಾಕಿಸಿದೆ.

ಅಕ್ಟೋಬರ್ 9, ಗುರುವಾರ

ನೋವು: ನಾಲ್ಕು. ಎಣ್ಣೆ ತಿಕ್ಕಿದ್ದರಿಂದ ಇರಬೇಕು.

ಮೇಲಿನ ಶೆಡ್ಡಿನ ಹಾಗೆ ನಾದಿನಿಯ ಕೆಳಗಿನ ಶೆಡ್ಡೂ ತಾಯಿಹಂದಿಗಳದು. ಅಲ್ಲಿನ ಯಜಮಾನಿ ದೊರೆಸಾನಿ ಎಂಬ ಹಂದಿ. ಬೆಳಗ್ಗೆ ಏಳಕ್ಕೆ ಫೀಡು ಬೀಳದಿದ್ದರೆ ಅದು ಮೂತಿಯಿಂದ ತೊಟ್ಟಿಯ ತಗಡು ಬಡಿಯುತ್ತದೆ. ಮೂರು ಸಲ ಬಡಿದು, ಸ್ವಲ್ಪ ಬಿಟ್ಟು, ಮತ್ತೆ ಮೂರು ಸಲ. ನಮ್ಮ ಮ್ಯಾನೇಜರನ್ನು ಹಿಂದಿನಿಂದ ಎಲ್ಲರೂ ಗಡಿಯಾರ ಅನ್ನುತ್ತಾರೆ. ದೊರೆಸಾನಿ ಅವರಿಗಿಂತ ಎರಡು ನಿಮಿಷ ಮುಂದೆಯೇ ಇರುತ್ತದೆ.

ಊಟಕ್ಕೆ ಕೂತಾಗ ನಾದಿನಿ ತಾನೇ ಬಾಯಿಬಿಟ್ಟಳು. "ಮೇಲಿನ ಶೆಡ್ಡಲ್ಲಿ ಒಬ್ಬಳಿಗೆ ಹಾಲೇ ಇಲ್ಲ ಅತ್ತಿಗೆ. ಮೂರು ಮರಿ ಅಳೋಕೂ ಶಕ್ತಿ ಇಲ್ಲದೆ ಬಿದ್ದಿದ್ವು. ಜಾಕೀಟೊಳಗೆ ಇಟ್ಕೊಂಡು ತಂದು ದೊರೆಸಾನಿ ಹತ್ರ ಬಿಟ್ಟೆ. ಅವಳು ಮೂಸಿ ನೋಡಿ ಸುಮ್ಮನೆ ಮಗ್ಗುಲಾದಳು."

"ಮೇಲಿಂದ ಕೆಳಕ್ಕೆ ಒಂದು ಹುಲ್ಲುಕಡ್ಡಿನೂ ದಾಟಬಾರದು ಅಂತ ಬೋರ್ಡ್ ಹಾಕಿಲ್ವಾ?"

"ಬೋರ್ಡಿಗೆ ಹಾಲು ಬರುತ್ತಾ?"

ಇವಳಿಗೆ ಉತ್ತರ ಕೊಟ್ಟು ಗೆದ್ದವರಿಲ್ಲ. ಮೂರು ಮರಿಗಳೂ ಈಗ ಸರಿಯಾಗಿ ಕುಡಿಯುತ್ತಿವೆಯಂತೆ.

ಅಕ್ಟೋಬರ್ 15, ಬುಧವಾರ

ನೋವು: ನಾಲ್ಕು.

ನಾದಿನಿಯ ಮೇಲೆ ರೇಗಿದೆ. ಫೀಡ್ ರೂಮಿಗೆ ಬಂದು, ಎಲ್ಲರ ಎದುರಿಗೆ, "ಎರಡು ಮೂರು ದಿನದಿಂದ ತೊಟ್ಟಿಲಿ ಅರ್ಧಕ್ಕರ್ಧ ಬಿಡ್ತಾವೆ ಅತ್ತಿಗೆ. ಫೀಡ್ ಸರಿ ಇದೆ ತಾನೆ?" ಅಂದಳು.

ಕೇಳಿದ್ದು ತಪ್ಪಲ್ಲ. ಎಲ್ಲರ ಎದುರು ಕೇಳಿದ್ದು ಚುಚ್ಚಿತು. ಕೆಳಗಿನ ಶೆಡ್ಡಿಗೆ ಹೋಗಿ ತೊಟ್ಟಿಯಿಂದ ಒಂದು ಹಿಡಿ ತೆಗೆದು ಮೂಸಿದೆ, ಬಾಯಿಗೂ ಹಾಕಿಕೊಂಡು ಅಗಿದೆ. ಸಿಹಿಯಾಗಿ, ಹಿಟ್ಟಿನ ರುಚಿ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಅವಳು ಕೈ ಮುಗಿದು, "ತಪ್ಪಾಯ್ತು ಮೂಗಮ್ಮನವರೇ" ಅಂದು ನಕ್ಕಳು. ದೊರೆಸಾನಿ ಕೂಡ ಇವತ್ತು ತಗಡು ಬಡಿಯಲಿಲ್ಲವಂತೆ. ಸೆಕೆ ಇರಬೇಕು.

ಅಕ್ಟೋಬರ್ 18, ಶನಿವಾರ

ನೋವು: ಮೂರು.

ಮೇಲಿನ ಶೆಡ್ಡಿನಲ್ಲಿ ಕೆಮ್ಮು. ಫೀಡ್ ರೂಮಿನ ಕಿಟಕಿ ಆ ಕಡೆಗಿದೆ. ಬೆನ್ನು ಮಾಡಿ ಟೀ ಕುಡಿಯುತ್ತಿದ್ದವಳು, ಯಾರೋ ವಯಸ್ಸಾದವರು ಬಾಗಿಲಲ್ಲಿ ನಿಂತು ಕೆಮ್ಮಿದರೆಂದು ತಿರುಗಿ "ಬನ್ನಿ" ಅಂದುಬಿಟ್ಟೆ. ಯಾರೂ ಇರಲಿಲ್ಲ. ಹಂದಿ ಥೇಟ್ ನಮ್ಮ ಹಾಗೆಯೇ ಕೆಮ್ಮುತ್ತದೆ ಎಂದು ಇಷ್ಟು ವರ್ಷದಲ್ಲಿ ಗೊತ್ತಾಗಿರಲಿಲ್ಲ.

ಅಕ್ಟೋಬರ್ 20, ಸೋಮವಾರ

ನೋವು: ಮೂರು.

ಕೆಳಗೂ ಶುರುವಾಯಿತು. ಡಾಕ್ಟರಮ್ಮ ಬಂದು ಎರಡೂ ಶೆಡ್ಡುಗಳಿಂದ ರಕ್ತ ತೆಗೆದುಕೊಂಡು ಹೋದರು. ದನ, ಕುರಿ, ಹಂದಿ ಎಲ್ಲ ನೋಡುವ ಡಾಕ್ಟರು, ಸಣ್ಣ ವಯಸ್ಸಿನವರು, ಮಾತು ಕಡಿಮೆ. ಜ್ವರವಿದೆ, ಕಿವಿಯ ತುದಿ ನೀಲಿಯಾಗಿದೆ. ಸೋಂಕು ಹರಡಬಾರದೆಂದು ನಾದಿನಿ ಮೂರು ಸಲ ಬಟ್ಟೆ ಬದಲಾಯಿಸಿದಳು, ಮೂರು ಸಲವೂ ಅಳುತ್ತಲೇ ಬಂದಳು.

ಅಕ್ಟೋಬರ್ 23, ಗುರುವಾರ

ನೋವು: ನೋಡಲಿಲ್ಲ.

ವೈರಸ್ಸೇ. ಹಂದಿಗಳ ಶ್ವಾಸಕೋಶಕ್ಕೆ ಬರುವಂಥದು. ಮೇಲಿನ ಶೆಡ್ಡಿಗೆ ಎಲ್ಲಿಂದ ಬಂತೋ ಹೇಳಲಾಗದು, ಗಾಳಿಯಲ್ಲೂ ಬರಬಹುದು, ಲಾರಿಯ ಚಕ್ರದಲ್ಲೂ ಬರಬಹುದು ಎಂದರು ಡಾಕ್ಟರಮ್ಮ. ಆದರೆ ಕೆಳಗಿನ ಶೆಡ್ಡಿನಲ್ಲಿ ಮೊದಲು ಜ್ವರ ಬಂದದ್ದು ದೊರೆಸಾನಿಯ ಹತ್ತಿರವಿದ್ದ ಆ ಮೂರು ಮರಿಗಳಿಗೆ.

ಗಡಿಯಾರ ಎಲ್ಲರನ್ನೂ ಆಫೀಸಿನಲ್ಲಿ ನಿಲ್ಲಿಸಿ, "ಯಾರು ದಾಟಿದ್ದು?" ಎಂದು ಕೇಳಿದರು. ಗೊತ್ತಿದ್ದವಳು ನಾನೊಬ್ಬಳೇ. ನಾನು ನಾದಿನಿಯ ಕೈ ಹಿಡಿಯಬೇಕು ಅನ್ನುವಷ್ಟರಲ್ಲಿ ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು.

"ನಾನು ಸಾರ್. ಮರಿಗಳು ಸಾಯ್ತಿದ್ವು, ತಂದೆ."

ಗಡಿಯಾರ ಬೈಯಲಿಲ್ಲ. "ಮೂರು ಉಳಿಸೋಕೆ ಹೋಗಿ ಎಷ್ಟಕ್ಕೆ ತಂದಿಟ್ಟೆ ನೋಡಮ್ಮ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದು ಕೈ ತೊಳೆಯಲು ನಿಂತಳು. ಅರ್ಧ ಗಂಟೆಯಾದರೂ ನಲ್ಲಿಯ ಸದ್ದು ನಿಲ್ಲಲಿಲ್ಲ. ನಾನೇ ಹೋಗಿ ನಿಲ್ಲಿಸಿದೆ.

ಅಕ್ಟೋಬರ್ 26, ಭಾನುವಾರ

ದೊರೆಸಾನಿ ಹೋಯಿತು. ಹೊಟ್ಟೆಯಿಂದ ಉಸಿರೆಳೆಯುತ್ತಿತ್ತು. ಮಲಗಲೂ ಆಗದೆ ನಿಲ್ಲಲೂ ಆಗದೆ ನಾಯಿಯ ಹಾಗೆ ಕುಕ್ಕರಿಸಿತ್ತು. ನಾದಿನಿ ಅದರ ಹಣೆಗೆ ಹಣೆ ಕೊಟ್ಟು ಕೂತಿದ್ದಳು. ಕೆಳಗಿನ ಶೆಡ್ಡಿನಲ್ಲಿ ಇವತ್ತಿಗೆ ಅರವತ್ತಮೂರು, ಮರಿಗಳೂ ಸೇರಿ.

ಅಕ್ಟೋಬರ್ 28, ಮಂಗಳವಾರ

ಡಾಕ್ಟರಮ್ಮ ಎರಡೂ ಶೆಡ್ಡಿನಲ್ಲಿ ಸತ್ತವುಗಳನ್ನು ಕೊಯ್ದು ನೋಡಿದರು. ಆಮೇಲೆ ನೇರ ಫೀಡ್ ರೂಮಿಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತರು.

"ಮೇಲೆ ಸತ್ತಿದ್ದು ನಾಲ್ಕು. ಉಳಿದವು ಕೆಮ್ತಾ ಕೆಮ್ತಾನೇ ತಿನ್ನೋಕೆ ಶುರು ಮಾಡಿವೆ. ಕೆಳಗೆ ಒಂದೂ ಚೇತರಿಸಿಕೊಳ್ತಿಲ್ಲ. ಅದೇ ವೈರಸ್ಸು, ಅದೇ ತಳಿ, ಅದೇ ಗಾಳಿ. ಯಾಕಮ್ಮ ಹೀಗೆ?"

ನನ್ನನ್ನೇ ಯಾಕೆ ಕೇಳುತ್ತಾರೆ ಅನ್ನಿಸಿತು.

"ಕೆಳಗಿನವುಗಳ ಶ್ವಾಸಕೋಶ ಮಾತ್ರ ಅಲ್ಲ, ಕರುಳೂ ಕೆಂಪಾಗಿ ಊದಿಕೊಂಡಿದೆ. ಮುಟ್ಟಿದ್ರೆ ಒದ್ದೆ ಕಾಗದದ ಹಾಗೆ ಹರಿಯುತ್ತೆ. ಈ ವೈರಸ್ಸು ಕರುಳಿಗೆ ಇಷ್ಟೆಲ್ಲ ಮಾಡಲ್ಲ. ಎರಡು ಶೆಡ್ಡಿಗೂ ಒಂದೇ ಫೀಡಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಬಲ ಹೆಗಲಿಗೆ ಹೋಯಿತು. ನನಗೆ ಅಲ್ಲಿ ನಿಜವಾಗಿಯೂ ನೋಯುತ್ತದೆ, ಆದರೆ ಆಗ ನೋಯುತ್ತಿರಲಿಲ್ಲ.

ಗಡಿಯಾರ ಪಕ್ಕದಲ್ಲೇ ಇದ್ದರು. "ಕೆಳಗೆ ಹೊಸ ಜೋಳ ಮೇಡಂ. ಆದರೆ ಫೀಡ್ ವಿಷಯದಲ್ಲಿ ನಮ್ಮ ಮೂಗಮ್ಮನ್ನ ಕಣ್ಣು ಮುಚ್ಚಿ ನಂಬಬಹುದು" ಎಂದು ಕಪಾಟಿನಿಂದ ಆರನೇ ತಾರೀಕಿನ ಪೊಟ್ಟಣ ತೆಗೆದುಕೊಟ್ಟರು. ಡಾಕ್ಟರಮ್ಮ ಅಲ್ಲೇ ಪುಡಿಮಾಡಿಸಿ ಪಟ್ಟಿ ಅದ್ದಿದರು. ಐದು ನಿಮಿಷ ಕಾದೆವು. ಎರಡು ಗೆರೆ ಬಂತು.

"ಹತ್ತು ಕಡೆ ತೆಗೆದಿದ್ದೀರಿ ಅಲ್ವಾ?" ಅಂದರು. "ಹಾಗಿದ್ರೆ ಕಣಜ ಹತ್ತಿ ನೋಡೋದು ಬೇಡ."

"ಹೂಂ, ಹತ್ತು ಕಡೆ" ಅಂದೆ.

ಅವರು ಹೋದ ಮೇಲೆ ಪೊಟ್ಟಣವನ್ನು ಮೂಸಿದೆ. ಒಳ್ಳೆಯ ಕಾಳು. ಮತ್ತೆ ಮತ್ತೆ ಮೂಸಿದೆ.

ಅಕ್ಟೋಬರ್ 30, ಗುರುವಾರ

ಬೆಳಗ್ಗೆ ಏಳಕ್ಕೆ ಮನೆಯಲ್ಲಿ ತಗಡಿನ ಸದ್ದು ಕೇಳಿತು. ಮೂರು ಸಲ, ಬಿಟ್ಟು, ಮೂರು ಸಲ. ನಮ್ಮ ಮನೆಯಲ್ಲಿ ತಗಡೇ ಇಲ್ಲ. ಕಿಟಕಿ, ಬಾಗಿಲು, ಪಾತ್ರೆ ಎಲ್ಲ ಮುಟ್ಟಿ ನೋಡಿದೆ. ನಾದಿನಿಯನ್ನು ಕೇಳಲು ಧೈರ್ಯ ಬರಲಿಲ್ಲ. ಅವಳಿಗೂ ಕೇಳಿಸುತ್ತಿದ್ದರೆ?

ನವೆಂಬರ್ 1, ಶನಿವಾರ

ಎರಡು ಕಡೆ.

ಲಾರಿಯ ಹಿಂಬಾಗಿಲ ಹತ್ತಿರ ಒಂದು, ಅದರ ಪಕ್ಕದಲ್ಲೇ ಇನ್ನೊಂದು. ಮೂರನೆಯದಕ್ಕೆ ಈಟಿ ಎತ್ತಿದಾಗ ಭುಜದಿಂದ ಬೆರಳಿನ ತುದಿಯವರೆಗೆ ಬೆಂಕಿ ಹರಿದಂತಾಯಿತು. ಕೆಳಗೆ ಮ್ಯಾನೇಜರು ಕೈಗಡಿಯಾರ ತಟ್ಟುತ್ತಿದ್ದರು. ಹಾರ್ನ್ ಬೇರೆ. ಕೈಗೆ ಬಂದಿದ್ದ ಕಾಳನ್ನು ಮೂಸಿದೆ, ಹೂವಿನ ಹಾಗಿತ್ತು. ಇಷ್ಟು ಚೆನ್ನಾಗಿರುವ ಕಾಳಿಗೆ ಹತ್ತು ಯಾಕೆ ಅಂದುಕೊಂಡು ಇಳಿದುಬಿಟ್ಟೆ.

ಬೂಷ್ಟಿನ ವಿಷ ಸಾರಿಗೆ ಹಾಕಿದ ಉಪ್ಪಲ್ಲ, ಎಲ್ಲ ಕಡೆ ಸಮವಾಗಿ ಇರುವುದಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಗಂಟಾಗಿ ಕೂತಿರುತ್ತದೆ. ಬೂಷ್ಟು ಒಣಗಿ ಉದುರಿಹೋದರೂ ವಿಷ ಕಾಳಿನಲ್ಲಿ ಉಳಿಯುತ್ತದೆ, ವಾಸನೆಯೂ ಇರುವುದಿಲ್ಲ, ರುಚಿಯೂ ಇರುವುದಿಲ್ಲ. ಹತ್ತು ಕಡೆ ಅನ್ನುವ ಕ್ರಮ ಇರುವುದೇ ಅದಕ್ಕೆ. ಇದನ್ನು ಹೊಸಬರಿಗೆಲ್ಲ ಹೇಳಿಕೊಟ್ಟವಳು ನಾನೇ. ಕಪಾಟಿನ ಪೊಟ್ಟಣವೂ ಅದೇ ಎರಡು ಕಡೆಯ ಕಾಳು. ಇನ್ನು ನೂರು ಸಲ ಪಟ್ಟಿ ಅದ್ದಿದರೂ ಅದು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಆರನೇ ತಾರೀಕಿನ ಪುಟ ತಿರುವಿ ನೋಡಿದೆ. ಇದು ಫಾರ್ಮಿನವರು ಯಾರೂ ಓದದ ಪುಸ್ತಕ. ಇದರಲ್ಲಿಯೂ ಹತ್ತು ಎಂದೇ ಬರೆದಿದ್ದೇನೆ. ಯಾರಿಗೆ ಹೆದರಿಕೊಂಡು ಬರೆದೆನೋ ನನಗೇ ತಿಳಿಯುತ್ತಿಲ್ಲ.

ಆದರೂ ವಿಷ ಇದ್ದೇ ಇತ್ತು ಅಂತ ಏನು ಗ್ಯಾರಂಟಿ? ಇಲ್ಲದೆಯೂ ಇರಬಹುದು. ವೈರಸ್ ಅಂತೂ ನಿಜ.

ನವೆಂಬರ್ 2, ಭಾನುವಾರ

ಇವತ್ತೂ ಏಳಕ್ಕೆ.

ನವೆಂಬರ್ 4, ಮಂಗಳವಾರ

ಕೆಳಗಿನ ಶೆಡ್ಡು ಖಾಲಿಯಾಯಿತು. ಒಟ್ಟು ನೂರಾ ಹನ್ನೊಂದು. ಕೊನೆಯ ಆರು ಉಳಿಯುವಂತಿರಲಿಲ್ಲ, ಡಾಕ್ಟರಮ್ಮನೇ ಸೂಜಿ ಚುಚ್ಚಿ ಮಲಗಿಸಿದರು. ನಾದಿನಿ ಒಬ್ಬೊಬ್ಬಳನ್ನೂ ಹಿಡಿದುಕೊಂಡಳು, ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.

ಅವಳು ಸರಿಯಾಗಿ ಊಟ ಮಾಡಿ ಎಷ್ಟು ದಿನವಾಯಿತೋ. ತಟ್ಟೆ ಮುಂದಿಟ್ಟರೆ ಎರಡು ತುತ್ತು ಕಲೆಸಿ ಕೂರುತ್ತಾಳೆ. ಕೈ ತೊಳೆದು ತೊಳೆದು ಬೆರಳ ಸಂದಿಯೆಲ್ಲ ಬಿರಿದಿದೆ. ನಾನು ಎಣ್ಣೆ ಹಚ್ಚಲು ಹೋದರೆ ಕೈ ಎಳೆದುಕೊಂಡಳು.

"ಬೇಡ ಅತ್ತಿಗೆ. ಈ ಕೈ ಒಳ್ಳೇದಲ್ಲ."

"ಹುಚ್ಚುಹುಚ್ಚಾಗಿ ಮಾತಾಡಬೇಡ. ಮೂರು ಮರಿ ಉಳಿಸಿದ ಕೈ ಅದು."

"ಅವೂ ಸತ್ತವಲ್ಲ." ತಟ್ಟೆ ಪಕ್ಕಕ್ಕೆ ಸರಿಸಿದಳು. "ತಿಂಗಳ ಕೊನೆಗೆ ಕೆಲಸ ಬಿಡ್ತೀನಿ ಅಂತ ಸಾರ್‌ಗೆ ಹೇಳಿದೀನಿ. ಬೇರೆ ಊರಿಗೆ ಹೋಗ್ತೀನಿ. ಪ್ರಾಣಿ, ಮಕ್ಕಳು ಯಾರೂ ಇಲ್ಲದ ಕಡೆ ಏನಾದ್ರೂ ಕೆಲಸ ಸಿಗುತ್ತೆ. ನೀನು ಏನೂ ಮಾಡದೇ ಇರೋಳು, ನನ್ನ ಜೊತೆ ನಿನಗ್ಯಾಕೆ ಈ ಸಂಕಟ?"

ಏನೂ ಮಾಡದೇ ಇರೋಳು. ಬಾಯಿಯ ತನಕ ಬಂತು, ತುಟಿ ದಾಟಲಿಲ್ಲ. "ಮೊದಲು ಊಟ ಮಾಡು" ಅಂದೆ. ಇವಳು ಹೋದರೆ ಈ ಮನೆಯಲ್ಲಿ ನನ್ನ ಜೊತೆ ಉಳಿಯುವುದು ಆ ತಗಡಿನ ಸದ್ದು ಮಾತ್ರ. ಹೇಳಿದರೆ ಇನ್ನೂ ಬೇಗ ಹೋಗುತ್ತಾಳೆ. ಇದನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೇನೆ, ಎಲ್ಲ ಕಡೆಯಿಂದಲೂ ಇದು ನನ್ನ ಬಗ್ಗೆಯೇ ಯೋಚನೆ.

ನವೆಂಬರ್ 6, ಗುರುವಾರ

ಕೆಳಗಿನ ಕಣಜ ತೊಳೆಯಲು ಗಡಿಯಾರ ಹೇಳಿದರು. ಫೀಡಿನ ಉಳಿಕೆ ತೆಗೆದು ಹೂತು, ಔಷಧಿ ನೀರು ಬಿಟ್ಟು, ಹನ್ನೊಂದು ಗಂಟೆಯೊಳಗೆ ಮುಗಿಸಬೇಕು. ತಳದ ಬಾಗಿಲು ತೆಗೆದು ಬಗ್ಗಿ ಒಳಗೆ ಹೋದೆ. ಮೊಳಕಾಲಿನವರೆಗೆ ಫೀಡು ಉಳಿದಿತ್ತು. ಮೇಲಿನ ಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ಹೊರಗೆ ಪೈಪಿನಲ್ಲಿ ನೀರು ತಯಾರಿತ್ತು.

ಆಮೇಲೆ ಸದ್ದು ಕೇಳಿತು. ಕಣಜದ ಗೋಡೆ ತಗಡಿನದು. ಮೂರು ಸಲ. ಬಿಸಿಲಿಗೆ ತಗಡು ಹಿಗ್ಗಿದರೆ ಹಾಗೆ ಸದ್ದು ಮಾಡುತ್ತದೆ ಎಂದು ನನಗೆ ಗೊತ್ತಿದೆ. ಗೊತ್ತಿದ್ದೂ, "ಇದ್ದೀನಿ ಕಣೇ ದೊರೆಸಾನಿ, ಬಂದೆ" ಎಂದು ಗಟ್ಟಿಯಾಗಿ ಹೇಳಿದೆ. ಹೊರಗಿದ್ದವರು ಏನೆಂದುಕೊಂಡರೋ ಗೊತ್ತಿಲ್ಲ.

ಗೋಡೆಯ ಉದ್ದಕ್ಕೂ, ನಡುವೆ, ತಳದಲ್ಲಿ, ಹತ್ತು ಕಡೆಯಿಂದ ಒಂದೊಂದು ಹಿಡಿ ತೆಗೆದು ಊಟದ ಡಬ್ಬಿಗೆ ತುಂಬಿದೆ. ಪ್ರತಿ ಹಿಡಿಯನ್ನೂ ಮೂಸಿದೆ. ಎಲ್ಲವೂ ಒಳ್ಳೆಯ ವಾಸನೆ. ಆಮೇಲೆ ಹೊರಗೆ ಬಂದು ಕಣಜ ತೊಳೆದೆ. ತೊಳೆಯುವಾಗ ಡಬ್ಬಿ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಇದೊಂದನ್ನೂ ನೀರಿಗೆ ಬಿಟ್ಟರೆ ಲೋಕದಲ್ಲಿ ಇನ್ನು ಸಾಕ್ಷಿಯೇನೂ ಉಳಿಯುವುದಿಲ್ಲ ಎಂದು ಒಂದು ಸಲ ಅಲ್ಲ, ಹಲವು ಸಲ ಅನ್ನಿಸಿತು.

ಫೀಡ್ ರೂಮಿನ ಬಾಗಿಲು ಹಾಕಿಕೊಂಡು ಪಟ್ಟಿ ಅದ್ದಿದೆ. ಒಂದು ಗೆರೆ ಬಂತು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಕಾದೆ. ಎರಡನೆಯದು ಬರಲಿಲ್ಲ.

ನವೆಂಬರ್ 7, ಶುಕ್ರವಾರ

ಡಬ್ಬಿ ಹಿಡಿದುಕೊಂಡು ಡಾಕ್ಟರಮ್ಮನ ಆಸ್ಪತ್ರೆಗೆ ಹೋದೆ. ಕುರಿ, ಕೋಳಿ ಹಿಡಿದು ಕಾಯುತ್ತಿದ್ದವರ ಸಾಲಿನಲ್ಲಿ ಕೂತು ನನ್ನ ಸರದಿ ಬಂದ ಮೇಲೆ ಹೇಳಿದೆ. ಎರಡು ಕಡೆ ಮಾತ್ರ ಚುಚ್ಚಿದ್ದು, ಹತ್ತು ಅಂದದ್ದು ಸುಳ್ಳು, ಕಣಜದಿಂದ ತಂದದ್ದು ಇದು. ಅವರು ಬರೆದುಕೊಳ್ಳುತ್ತಾ ಹೋದರು. ತಲೆ ಎತ್ತಲಿಲ್ಲ. ತಮ್ಮ ಮಿಷನ್ನಿನಲ್ಲಿ ಇನ್ನೊಮ್ಮೆ ನೋಡಿದರು. ಸಂಖ್ಯೆ ಹೇಳಿದರು, ನನಗೆ ಈಗ ನೆನಪಿಲ್ಲ. ತುಂಬಾ ಜಾಸ್ತಿ ಅಂದರು.

"ಹಾಗಾದ್ರೆ ನನ್ನ ನಾದಿನಿ ತಂದ ವೈರಸ್ಸಿಂದ ಅಲ್ಲ ಅಲ್ವಾ ಡಾಕ್ಟರಮ್ಮ? ಇದರಿಂದ್ಲೇ ಅಲ್ವಾ?" ಎಂದೆ. ಹೌದು ಎನ್ನಲಿ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.

ಅವರು ಪೆನ್ನು ಕೆಳಗಿಟ್ಟರು. "ಬರೀ ವೈರಸ್ ಆಗಿದ್ರೆ ಮೇಲಿನ ಶೆಡ್ಡಿನವುಗಳ ಹಾಗೆ ಕೆಮ್ಮಿ, ಎದ್ದು ನಿಲ್ತಿದ್ವು, ಹೆಚ್ಚಿನವು. ಬರೀ ಈ ವಿಷ ಆಗಿದ್ರೆ ಊಟ ಬಿಟ್ಟು ಸೊರಗ್ತಿದ್ವು, ಫೀಡ್ ಬದಲಾಯಿಸಿದ್ರೆ ಸರಿ ಹೋಗ್ತಿದ್ವು. ವೈರಸ್ ಬಂದಾಗ ಮೈ ಒಳಗೆ ಉರಿ ಏಳುತ್ತಮ್ಮ. ಉರಿಯೂತ ಅಂತೀವಿ. ಅದು ಏಳಬೇಕು, ರೋಗ ಸುಡೋಕೆ. ಕೆಲಸ ಮುಗಿದ ಮೇಲೆ ಆರಬೇಕು. ಈ ವಿಷ ಮೊದಲೇ ಕರುಳಿನ ಒಳಗೋಡೆ ಸವೆಸಿ, ಅಲ್ಲೊಂದು ಉರಿ ಹಚ್ಚಿಟ್ಟಿತ್ತು. ಎರಡೂ ಸೇರಿದವು. ಆರಿಸೋ ಶಕ್ತಿ ಮೈಗೆ ಉಳಿಲಿಲ್ಲ. ನಾನು ನೋಡಿದ ಮಟ್ಟಿಗೆ ಅವನ್ನ ಕೊಂದಿದ್ದು ಅದೇ, ಅವುಗಳದೇ ಉರಿ."

"ಇಪ್ಪತ್ತೆಂಟನೇ ತಾರೀಕು ಹೇಳಿದ್ರೆ?"

"ಕೆಲವು ಉಳೀತಿದ್ವು" ಅಂದರು. ಎಷ್ಟು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಲ್ಲಿಂದ ಆಫೀಸಿಗೆ ಹೋಗಿ ಮ್ಯಾನೇಜರಿಗೂ ಹೇಳಿದೆ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತರು. ಅವತ್ತು ಲಾರಿಯ ಹತ್ತಿರ ತಟ್ಟಿ ತೋರಿಸಿದ್ದು ಅವರಿಗೂ ನೆನಪಾಗಿರಬೇಕು.

ಸಂಜೆ ನಾದಿನಿಗೆ ಹೇಳಿದೆ. ಅಡುಗೆಮನೆಯಲ್ಲಿ ಇಬ್ಬರ ತಟ್ಟೆಗೂ ಬಡಿಸಿ ಆಗಿತ್ತು. ಒಂದನ್ನೂ ಬಿಡದೆ ಹೇಳಿದೆ. ಡಾಕ್ಟರಮ್ಮ ಹೇಳಿದ್ದನ್ನೂ ಅವರ ಮಾತಿನಲ್ಲೇ ಹೇಳಿದೆ. ಅವಳು ಮೊದಲು ತನ್ನ ಕೈಗಳನ್ನು ನೋಡಿಕೊಂಡಳು, ಮುಂದೆ, ಹಿಂದೆ. ಆಮೇಲೆ ನನ್ನನ್ನು ನೋಡಿದಳು.

"ಈಟಿ ಚುಚ್ಚದೇ ಇದ್ದಿದ್ದು ಬಿಡು. ನಿನ್ನ ಭುಜ ನನಗೆ ಗೊತ್ತಿಲ್ವಾ? ನಾನು ಬೋರ್ಡ್ ನೋಡಿ ದಾಟಿದೆ, ನೀನು ನೋವು ನೋಡಿ ಇಳಿದೆ. ಆದ್ರೆ ಹದಿನೈದು ದಿನ, ಅತ್ತಿಗೆ. ಹದಿನೈದು ದಿನ ನಾನು ಈ ಕೈ ಕೆರೆದು ಕೆರೆದು ತೊಳೀತಿದ್ದೆ. ನೀನು ಎದುರಿಗೆ ಕೂತು, ಎಣ್ಣೆ ಬಟ್ಟಲು ಹಿಡ್ಕೊಂಡು, ನೋಡ್ತಿದ್ದೆ."

ಸತ್ಯ ಹೇಳಿಬಿಟ್ಟರೆ ಹಗುರವಾಗುತ್ತದೆ ಅನ್ನುವವರು ಯಾರೋ, ನನಗೆ ಹಾಗೇನೂ ಆಗಲಿಲ್ಲ.

ಅವಳು ತಟ್ಟೆ ತೆಗೆದುಕೊಂಡು ಬಾಗಿಲ ಹತ್ತಿರ ಹೋದಳು. ನನಗೆ ಬೆನ್ನು ಮಾಡಿ ಕೂತಳು. ತಟ್ಟೆಯಲ್ಲಿ ಇದ್ದದ್ದನ್ನೆಲ್ಲ ಊಟ ಮಾಡಿದಳು. ಎದ್ದು ಬಂದು ಮತ್ತೆ ಬಡಿಸಿಕೊಂಡು, ಅದನ್ನೂ ಮಾಡಿದಳು. ನಾನು ಆ ಬೆನ್ನನ್ನೇ ನೋಡುತ್ತಿದ್ದೆ.

ನವೆಂಬರ್ 12, ಬುಧವಾರ

ಮಾತಿಲ್ಲ. ಆದರೆ ಊಟ ಮಾಡುತ್ತಾಳೆ. ಬೆರಳುಗಳು ಮಾಯುತ್ತಿವೆ, ಎಣ್ಣೆ ತಾನೇ ಹಚ್ಚಿಕೊಳ್ಳುತ್ತಾಳೆ. ಏಳು ಗಂಟೆಗೆ ಸದ್ದು ಬಂದಾಗ ನಾನು ಈಗ ಎದ್ದು ಹುಡುಕುವುದಿಲ್ಲ. ದೊರೆಸಾನಿ ಬಂದು ಹೋಗಲಿ ಎಂದು ಸುಮ್ಮನೆ ಕೂತಿರುತ್ತೇನೆ.

ನವೆಂಬರ್ 20, ಗುರುವಾರ

ನೋವು: ಒಂಬತ್ತು. ಮೂಳೆ ಡಾಕ್ಟರಿಗೆ ಈ ಪುಸ್ತಕವನ್ನು ತೋರಿಸಲಾಗುವುದಿಲ್ಲ. ಬೇರೆ ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು.

ಮೇಲಿನ ಶೆಡ್ಡಿನ ಹಳೆಯ ಫೀಡು ಮುಗಿಯಿತು, ಇವತ್ತು ಲಾರಿ ಬಂತು. ನನ್ನನ್ನು ತೆಗೆದುಹಾಕಲಿಲ್ಲ. ಈ ಕೆಲಸ ಗೊತ್ತಿರುವವರು ಬೇರೆ ಯಾರೂ ಇಲ್ಲ ಎಂದು ಗಡಿಯಾರ ಒಂದು ಎಚ್ಚರಿಕೆಯ ಕಾಗದ ಕೊಟ್ಟರು, ಸಹಿ ಹಾಕಿದೆ. ಜೊತೆಗೆ ಹೊಸ ನಿಯಮ ಬಂದಿದೆ. ಇನ್ನು ಮುಂದೆ ಒಬ್ಬರು ಚುಚ್ಚುವಾಗ ಇನ್ನೊಬ್ಬರು ಕೆಳಗೆ ನಿಂತು ಗಟ್ಟಿಯಾಗಿ ಎಣಿಸಬೇಕು, ಇಬ್ಬರೂ ಸಹಿ ಹಾಕಬೇಕು. ಕೆಳಗಿನ ಶೆಡ್ಡು ಖಾಲಿ ಇರುವುದರಿಂದ, ತಿಂಗಳು ಮುಗಿಯುವವರೆಗೆ ಎಣಿಸುವ ಕೆಲಸ ನಾದಿನಿಗೆ. ಅವಳು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಹದಿಮೂರು ದಿನದಿಂದ ಅವಳು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ನಾನು ಲಾರಿ ಹತ್ತಿದೆ. ಹಿಂಬಾಗಿಲ ಹತ್ತಿರ ಈಟಿ ಇಳಿಸಿದೆ.

"ಒಂದು" ಅಂದಳು.

ಈಟಿ ಎಳೆದುಕೊಂಡು ಮುಂದಕ್ಕೆ ಸರಿದೆ. ಎರಡು. ಮೂರು. ಭುಜ ಉರಿಯಲು ಶುರುವಾಯಿತು. ನಾಲ್ಕಕ್ಕೆ ಕಣ್ಣು ಕತ್ತಲಿಟ್ಟಿತು, ಕಾಳಿನ ಮೇಲೆ ಕೂತುಬಿಟ್ಟೆ. ಯಾರೂ ಹಾರ್ನ್ ಒತ್ತಲಿಲ್ಲ. ಅವಳು ತಲೆ ಎತ್ತಿ ನೋಡುತ್ತಾ ನಿಂತಿದ್ದಳು. ಎಡಗೈಗೆ ಬದಲಾಯಿಸಿ ಎದ್ದೆ. ಪ್ರತಿ ಸಲವೂ ತಳ ಮುಟ್ಟುವವರೆಗೆ ಇಳಿಸಿದೆ. ಕಾಳನ್ನು ಮೂಗಿನ ಹತ್ತಿರ ಒಯ್ಯಲಿಲ್ಲ.

"ಹತ್ತು" ಅಂದಳು.

ಇಳಿಯಬಹುದಿತ್ತು. ಮುಂಭಾಗದ ಮೂಲೆ ಒಂದು ಉಳಿದಿತ್ತು. ಅಲ್ಲಿಗೆ ಹೋಗಿ ಮತ್ತೆ ಚುಚ್ಚಿದೆ.

"ಹನ್ನೊಂದು" ಅಂದಳು ನಾದಿನಿ.